ಒಂದೇ ಗುರುತು, ಎರಡು ಸುತ್ತು, 1-2-3 ಪ್ರಾಶಸ್ತ್ಯ: ನಗರ ಚುನಾವಣೆಗೆ ಯಾವುದು, ಎಷ್ಟು ಖರ್ಚು?

ನ್ಯೂಯಾರ್ಕ್ ನಗರದಲ್ಲಿ ಪಬ್ಲಿಕ್ ಅಡ್ವೊಕೇಟ್ ಅಂತ ಒಂದು ಹುದ್ದೆ ಇದೆ. ಜನರ ಪರವಾಗಿ ಆಡಳಿತದ ಮೇಲೆ ಕಣ್ಣಿಡುವ ಕೆಲಸ. 2013ರಲ್ಲಿ ಆ ಕಚೇರಿಯ ವರ್ಷದ ಬಜೆಟ್ ಸುಮಾರು 23 ಲಕ್ಷ ಡಾಲರ್. ಆ ವರ್ಷ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಚುನಾವಣೆಯಲ್ಲಿ, ಯಾರಿಗೂ ಶೇ 40 ಮತ ಬರಲಿಲ್ಲ. ಹಾಗಾದರೆ ಮೊದಲ ಇಬ್ಬರ ನಡುವೆ ಇನ್ನೊಂದು ಚುನಾವಣೆ ಆಗಬೇಕು ಎಂಬುದು ಆಗಿನ ನಿಯಮ. ಇಡೀ ನಗರದಲ್ಲಿ ಮತ್ತೆ ಮತಗಟ್ಟೆ ತೆರೆದರು, ಮತ್ತೆ ಸಿಬ್ಬಂದಿ ಹಾಕಿದರು, ಮತ್ತೆ ಮತಪತ್ರ ಅಚ್ಚು ಹಾಕಿಸಿದರು. ಖರ್ಚು ಸುಮಾರು 1 ಕೋಟಿ 30 ಲಕ್ಷ ಡಾಲರ್. ಬಂದು ಮತ ಹಾಕಿದವರು ಸುಮಾರು 2 ಲಕ್ಷ ಜನ. ಒಂದು ಹುದ್ದೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಆ ಕಚೇರಿಯ ಐದು ವರ್ಷದ ಬಜೆಟ್‌ಗಿಂತ ಜಾಸ್ತಿ ದುಡ್ಡು ಹೋಯಿತು.

ಈ ಲೆಕ್ಕ ನೋಡಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? 2019ರಲ್ಲಿ ನ್ಯೂಯಾರ್ಕಿನ ಮತದಾರರು ಶೇ 73ಕ್ಕೂ ಹೆಚ್ಚು ಬಹುಮತದಿಂದ ಪದ್ಧತಿಯನ್ನೇ ಬದಲಿಸಿದರು. ಇನ್ನು ಮುಂದೆ ಪ್ರೈಮರಿಗಳಲ್ಲಿ ಐದು ಜನರವರೆಗೆ ಪ್ರಾಶಸ್ತ್ಯದ ಕ್ರಮದಲ್ಲಿ ಗುರುತು ಹಾಕಬಹುದು, ಎರಡನೇ ಚುನಾವಣೆ ಬೇಕಿಲ್ಲ. ಅಲ್ಲಿಗೆ 1 ಕೋಟಿ 30 ಲಕ್ಷ ಉಳಿಯಿತು ಅಂದುಕೊಳ್ಳಬಹುದು. ಆದರೆ 2021ರಲ್ಲಿ ಈ ಹೊಸ ಪದ್ಧತಿಯನ್ನು ಜನರಿಗೆ ಕಲಿಸಲು ಮೇಯರ್ ಕಚೇರಿ ಘೋಷಿಸಿದ ಮೊತ್ತ 1 ಕೋಟಿ 50 ಲಕ್ಷ ಡಾಲರ್!

ಕಲಿಸುವ ಖರ್ಚು ಮೊದಲ ಸಲ ಜಾಸ್ತಿ, ಆಮೇಲೆ ಇಳಿಯುತ್ತದೆ, ಒಪ್ಪುತ್ತೇನೆ. ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಪ್ರಾಶಸ್ತ್ಯ ಮತದಾನದಲ್ಲಿ ಖರ್ಚು ಮಾಯವಾಗುವುದಿಲ್ಲ, ಮನೆ ಬದಲಿಸುತ್ತದೆ. ಎರಡನೇ ಚುನಾವಣೆಯ ದಿನದಿಂದ ಎದ್ದು ಎಣಿಕೆ ಕೋಣೆಗೆ, ಮತಪತ್ರದ ಹಾಳೆಗೆ, ಮತದಾರನ ತಲೆಗೆ ಹೋಗಿ ಕೂರುತ್ತದೆ. ಈ ವಲಸೆ ಲಾಭವೋ ನಷ್ಟವೋ ಅನ್ನುವುದು ಊರಿಂದ ಊರಿಗೆ ಬೇರೆ.

ಇದನ್ನೆಲ್ಲ ಓದಲು ಕೂತದ್ದಕ್ಕೆ ಕಾರಣ ನನ್ನ ತಂಗಿಯ ಮಗ. ಅಮೆರಿಕದ ಪೌರತ್ವ ಸಿಕ್ಕಿ ಸ್ವಲ್ಪ ದಿನವಾಗಿದೆ. ಅಲ್ಲಿನ ನಗರಗಳಲ್ಲಿ ಚುನಾವಣೆಯ ಪದ್ಧತಿ ಹೇಗಿರಬೇಕು ಅನ್ನುವುದನ್ನೂ ಮತಕ್ಕೆ ಹಾಕುತ್ತಾರೆ. "ದೊಡ್ಡಮ್ಮ, ನೀವು ಎಂಎಲ್‌ಸಿ ಚುನಾವಣೆಯಲ್ಲಿ 1, 2, 3 ಬರೀತೀರಲ್ಲ, ಹಂಗೇ ಅಂತೆ. ಹೂಂ ಅನ್ಲಾ, ಬೇಡ ಅನ್ಲಾ?" ಅಂತ ಫೋನಿನಲ್ಲಿ ಕೇಳಿದ. ಒಂದು ಮಾತಿನಲ್ಲಿ ಹೇಳಲು ಆಗಲಿಲ್ಲ.

ನಮಗೆ ಇದು ಹೊಸದಲ್ಲ

ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು, 7 ಪದವೀಧರ ಕ್ಷೇತ್ರಗಳು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಮೇಷ್ಟ್ರುಗಳಿಗೆ, ಪದವೀಧರರಿಗೆ ಇದು ಗೊತ್ತಿರುವ ಕೆಲಸ. ಮತಗಟ್ಟೆಯಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ನು ಕೊಡುತ್ತಾರೆ. ನಿಮಗೆ ಎಲ್ಲರಿಗಿಂತ ಬೇಕಾದವರ ಹೆಸರಿನ ಮುಂದೆ 1, ಅವರಿಲ್ಲದಿದ್ದರೆ ಇರಲಿ ಅನ್ನುವವರಿಗೆ 2, ಹೀಗೆ. ಒಂದೇ ಸ್ಥಾನವಾದರೆ ಸಿಂಧು ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. ಮೊದಲ ಪ್ರಾಶಸ್ತ್ಯದಲ್ಲೇ ಯಾರಿಗಾದರೂ ಅಷ್ಟು ಬಂದರೆ ಮುಗಿಯಿತು. ಬರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ತೆಗೆದು, ಅವರ ಕಟ್ಟಿನಲ್ಲಿರುವ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ಒಬ್ಬರಿಗೆ ಅರ್ಧ ದಾಟುವವರೆಗೆ, ಇಲ್ಲವೇ ಕಣದಲ್ಲಿ ಒಬ್ಬರೇ ಉಳಿಯುವವರೆಗೆ ಸುತ್ತು ನಡೆಯುತ್ತಲೇ ಇರುತ್ತದೆ.

ಅಮೆರಿಕದ ನಗರಗಳದ್ದೂ ಇದೇ. ಅಂಕಿ ಬರೆಯುವ ಬದಲು ಹೆಸರಿನ ಎದುರಿನ ಸಾಲಿನಲ್ಲಿ ಬೇಕಾದ ಕಾಲಂನ ಸುತ್ತುಗೆರೆ ತುಂಬುತ್ತಾರೆ, ಯಂತ್ರ ಓದುತ್ತದೆ. ಎದ್ದು ಕಾಣುವ ವ್ಯತ್ಯಾಸ ಅಷ್ಟೇ.

ಎರಡನೇ ಪ್ರಾಶಸ್ತ್ಯ ಬರೀ ಶಾಸ್ತ್ರಕ್ಕೆ ಅಂದುಕೊಂಡವರು 1969ರ ರಾಷ್ಟ್ರಪತಿ ಚುನಾವಣೆ ನೆನೆಯಬೇಕು. ಕಾಂಗ್ರೆಸ್ಸಿನ ದೊಡ್ಡವರು ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಅಂತಿಮಗೊಳಿಸಿದ್ದರು. ಎದುರಿಗೆ ನಿಂತವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515 ಮತಮೌಲ್ಯ (ಸಂಸದರ, ಶಾಸಕರ ಮತಗಳಿಗೆ ಇರುವ ತೂಕದ ಮೊತ್ತ), ಬೇಕಿದ್ದದ್ದು 4,18,169. ಬೇರೆಯವರ ಕಟ್ಟುಗಳನ್ನು ಹಂಚಿದ ಮೇಲೆ 4,20,077 ಆಯಿತು. ದಡ ಮುಟ್ಟಿಸಿದ್ದು ಎರಡನೇ ಪ್ರಾಶಸ್ತ್ಯ.

ಆದರೆ ನಮ್ಮ ಅನುಭವದಲ್ಲೇ ಇದರ ಇನ್ನೊಂದು ಮುಖವೂ ಇದೆ. ನಮ್ಮ ಯಜಮಾನರು ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ಒಂದು ಸಲ 1 ಅಂತ ಬರೆದು ಪಕ್ಕದಲ್ಲಿ ನೀಟಾಗಿ ಸಹಿ ಹಾಕಿ ಬಂದರು. ಉತ್ತರ ಪತ್ರಿಕೆ ತಿದ್ದಿದ ಅಭ್ಯಾಸ! ಸಹಿ ಇದ್ದರೆ ಮತ ಕುಲಗೆಟ್ಟಿತು. ಸರಿ ಗುರುತು ಹಾಕಿದರೂ ಅಷ್ಟೇ, 1 ಬರೆಯದೆ ಬರೀ 2 ಬರೆದರೂ ಅಷ್ಟೇ. ಮೇಷ್ಟ್ರುಗಳೇ ಮತ ಹಾಕುವ ಚುನಾವಣೆಯಲ್ಲಿ ಕುಲಗೆಟ್ಟ ಮತಗಳ ಕಟ್ಟು ಅಷ್ಟು ದಪ್ಪಗೆ ಇರುತ್ತದಲ್ಲ, ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಒಂದೇ ಗುರುತು: ಅಗ್ಗ, ಆದರೆ ಮತ ಒಡೆಯುತ್ತದೆ

ಒಬ್ಬರಿಗೆ ಒಂದು ಮತ, ಜಾಸ್ತಿ ಬಂದವರು ಗೆದ್ದರು. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಚಿಕ್ಕ ಮತಪತ್ರ, ಒಂದೇ ದಿನ. ಪ್ರತಿ ಮತಗಟ್ಟೆಯೂ ತನ್ನ ಮೊತ್ತ ಕೊಟ್ಟರೆ ಕೂಡಿಸಿದರಾಯಿತು. ಫಲಿತಾಂಶ ರಾತ್ರಿಯೇ ಗೊತ್ತಾಗುತ್ತದೆ. ಮರುಎಣಿಕೆಯೂ ಸುಲಭ.

ತೊಂದರೆ ನಮಗೆಲ್ಲ ಗೊತ್ತಿರುವುದೇ. ಒಂದೇ ಮನಸ್ಸಿನ ಇಬ್ಬರು ನಿಂತರೆ ಮತ ಒಡೆದು ಮೂರನೆಯವರು ಗೆಲ್ಲುತ್ತಾರೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರ ಎದುರು ಇನ್ನೂ ಮೂವರು ಸುಮಲತಾಗಳು ಕಣದಲ್ಲಿದ್ದರು, ನೆನಪಿದೆ ಅಲ್ವಾ? ಅಲ್ಲಿ ಅದು ನಡೆಯಲಿಲ್ಲ, ಆದರೆ ಮತ ಒಡೆಯುವುದಕ್ಕೆಂದೇ ಜನರನ್ನು ನಿಲ್ಲಿಸುವ ಆಟಕ್ಕೆ ಈ ಪದ್ಧತಿಯಲ್ಲಿ ಬೆಲೆ ಇದೆ.

ಲಂಡನ್ ನಗರದ್ದು ಉಲ್ಟಾ ಪಯಣ. 2000ದಿಂದ 2021ರವರೆಗೆ ಅಲ್ಲಿ ಮೇಯರ್ ಆಯ್ಕೆಗೆ ಎರಡು ಪ್ರಾಶಸ್ತ್ಯ ಕೊಡುವ ಪದ್ಧತಿ ಇತ್ತು. ಎರಡು ಕಾಲಂ, ಎರಡು ಗುರುತು. 2022ರ ಕಾನೂನು ಅದನ್ನು ತೆಗೆದು ಹಾಕಿತು. 2024ರಲ್ಲಿ ಸಾದಿಕ್ ಖಾನ್ ಮೂರನೇ ಸಲ ಗೆದ್ದದ್ದು ಒಂದೇ ಗುರುತಿನಲ್ಲಿ. ಎರಡು ಕಾಲಂ ಇಟ್ಟರೆ ಮತಪತ್ರಗಳು ಸುಮ್ನೆ ಕುಲಗೆಡುತ್ತವೆ ಅನ್ನುವುದು ಬದಲಾಯಿಸಿದವರ ವಾದಗಳಲ್ಲಿ ಒಂದು.

ನಿಮ್ಮ ಊರಿನಲ್ಲಿ ಪ್ರತಿ ಸಲ ನಿಜವಾದ ಪೈಪೋಟಿ ಇಬ್ಬರದ್ದೇ ಆಗಿದ್ದರೆ ಇದೇ ಸಾಕು. ಇಬ್ಬರಿದ್ದಾಗ ಪ್ರಾಶಸ್ತ್ಯಕ್ಕೆ ಅರ್ಥವೇ ಇಲ್ಲ.

ಎರಡು ಸುತ್ತು: ದುಬಾರಿ, ಆದರೆ ಕಣ್ಣಿಗೆ ಕಾಣುತ್ತದೆ

ಪ್ರಾಶಸ್ತ್ಯ ಮತದಾನದ ಬೆಂಬಲಿಗರು ಎರಡನೇ ಸುತ್ತನ್ನು ಬರೀ ದಂಡ ಅನ್ನುವ ಹಾಗೆ ಮಾತಾಡುತ್ತಾರೆ. ನ್ಯೂಯಾರ್ಕಿನ 2013ರ ಕಥೆ ಹೇಳಿ ಸುಮ್ಮನಾಗುತ್ತಾರೆ. ಚಿಕಾಗೋದ 2023ರ ಕಥೆ ಹೇಳುವುದಿಲ್ಲ.

ಚಿಕಾಗೋದಲ್ಲಿ ಫೆಬ್ರವರಿಯಲ್ಲಿ ಒಂಬತ್ತು ಜನ ಮೇಯರ್ ಸ್ಥಾನಕ್ಕೆ ನಿಂತಿದ್ದರು. ಹಾಲಿ ಮೇಯರ್ ಲೋರಿ ಲೈಟ್‌ಫುಟ್ ಮೂರನೆಯವರಾಗಿ ಹೊರಬಿದ್ದರು. ಪಾಲ್ ವ್ಯಾಲಸ್‌ಗೆ ಸುಮಾರು ಶೇ 33, ಬ್ರ್ಯಾಂಡನ್ ಜಾನ್ಸನ್‌ಗೆ ಶೇ 22ರ ಹತ್ತಿರ. ಐದು ವಾರ ಬಿಟ್ಟು ಏಪ್ರಿಲ್‌ನಲ್ಲಿ ಇಬ್ಬರೇ ಎದುರುಬದುರು. ಪೊಲೀಸ್, ಶಾಲೆ, ತೆರಿಗೆ ಅಂತ ಎರಡು ಬೇರೆ ಬೇರೆ ದಾರಿ ಜನರ ಮುಂದೆ ಇತ್ತು. ಜಾನ್ಸನ್ ಶೇ 52ರಲ್ಲಿ ಗೆದ್ದರು. ಮತದಾನ ಕುಸಿಯಲಿಲ್ಲ, ಏರಿತು! ಫೆಬ್ರವರಿಯಲ್ಲಿ ಶೇ 36ರಷ್ಟಿದ್ದದ್ದು ಏಪ್ರಿಲ್‌ನಲ್ಲಿ ಶೇ 39ರ ಹತ್ತಿರಕ್ಕೆ ಬಂತು.

ಒಂಬತ್ತು ಜನರಲ್ಲಿ ಆರನೆಯವರು ಯಾರು, ಏಳನೆಯವರು ಯಾರು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇಬ್ಬರನ್ನು ತೂಗಿ ನೋಡುವುದು ಸುಲಭ. ಐದು ವಾರ ಸಿಕ್ಕರೆ ಅವರ ಬಣ್ಣವೂ ತಿಳಿಯುತ್ತದೆ. ಪ್ರಾಶಸ್ತ್ಯ ಪದ್ಧತಿಯಲ್ಲಿ ಈ ಎರಡನೇ ಯೋಚನೆಗೆ ಜಾಗ ಇಲ್ಲ. ಕೊನೆಗೆ ಯಾರಿಬ್ಬರು ಉಳಿಯುತ್ತಾರೆ ಎಂದು ಗೊತ್ತಿಲ್ಲದೆಯೇ ನೀವು ಅವರಿಬ್ಬರ ನಡುವೆ ಆರಿಸಿರಬೇಕು.

ಹಾಗಂತ ಖರ್ಚು ಸುಳ್ಳಲ್ಲ. ದೊಡ್ಡ ಹುದ್ದೆಗೆ ಎರಡನೇ ಸುತ್ತಾದರೆ ಜನ ಬರುತ್ತಾರೆ, ಹೆಸರೇ ಕೇಳದ ಹುದ್ದೆಗಾದರೆ ಬರುವುದಿಲ್ಲ. ಮತಗಟ್ಟೆಯ ಬಾಡಿಗೆ, ಸಿಬ್ಬಂದಿಯ ಸಂಬಳ ಎರಡಕ್ಕೂ ಒಂದೇ. ಅಭ್ಯರ್ಥಿಗಳೂ ಎರಡು ಸಲ ಚಂದಾ ಎತ್ತಬೇಕು. ದುಡ್ಡಿರುವವರಿಗೆ ಅದು ಕಷ್ಟವಲ್ಲ, ಇಲ್ಲದವರಿಗೆ ಸೊಂಟ ಮುರಿಯುತ್ತದೆ.

1-2-3 ಪ್ರಾಶಸ್ತ್ಯ: ಎಲ್ಲ ಒಂದೇ ದಿನ, ಲೆಕ್ಕ ಮಾತ್ರ ಉದ್ದ

ಮೊದಲು ಲಾಭ. ಮತ ಒಡೆಯುತ್ತದೆ ಅನ್ನುವ ಹೆದರಿಕೆ ಬಹಳ ಕಡಿಮೆಯಾಗುತ್ತದೆ. ಗೆಲ್ಲಲಾರರು ಅಂತ ಗೊತ್ತಿದ್ದರೂ ಇಷ್ಟವಾದವರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟು, ಎರಡನೆಯದನ್ನು ಲೆಕ್ಕ ನೋಡಿ ಕೊಡಬಹುದು. ಇದರಿಂದ ಪ್ರಚಾರದ ರೀತಿಯೂ ಬದಲಾಗುತ್ತದೆ. ಎದುರಾಳಿಯ ಬೆಂಬಲಿಗರ ಎರಡನೇ ಮತ ಬೇಕಾದವರು ಎದುರಾಳಿಯನ್ನು ಬೈಯುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ 2010ರಲ್ಲಿ ಮೊದಲ ಸಲ ಹೀಗೆ ಮೇಯರ್ ಆರಿಸಿದಾಗ ಡಾನ್ ಪೆರಾಟಾ ಸುಮಾರು ಶೇ 34 ಪಡೆದು ಮುಂದಿದ್ದರು. ಶೇ 24ರ ಸುಮಾರಿನಲ್ಲಿದ್ದ ಜೀನ್ ಕ್ವಾನ್ "ನನಗೆ 1, ರೆಬೆಕಾ ಕಪ್ಲಾನ್‌ಗೆ 2" ಎಂಬ ಧಾಟಿಯಲ್ಲಿ ಮನೆಮನೆ ಸುತ್ತಿದ್ದರು. ಕಪ್ಲಾನ್ ಹೊರಬಿದ್ದಾಗ ಅವರ ಕಟ್ಟಿನ ಹೆಚ್ಚಿನ ಪಾಲು ಕ್ವಾನ್ ಕಡೆ ಬಂತು. ಸುಮಾರು 2 ಸಾವಿರ ಮತಗಳ ಅಂತರದಲ್ಲಿ ಕ್ವಾನ್ ಗೆದ್ದರು. ದುಡ್ಡಿನಲ್ಲಿ ಪೆರಾಟಾ ಬಹಳ ಮುಂದಿದ್ದರು, ಅದು ಕೆಲಸಕ್ಕೆ ಬರಲಿಲ್ಲ. 2025ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೇಯರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಜೋಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಒಬ್ಬರಿಗೊಬ್ಬರು ಎರಡನೇ ಪ್ರಾಶಸ್ತ್ಯ ಕೇಳಿದ್ದೂ ಇದೇ ಲೆಕ್ಕದಲ್ಲಿ. ಮೊದಲ ಪ್ರಾಶಸ್ತ್ಯದಲ್ಲಿ ಸುಮಾರು ಶೇ 44 ಇದ್ದ ಮಮ್ದಾನಿ ಮೂರನೇ ಸುತ್ತಿಗೆ ಶೇ 56 ದಾಟಿದರು.

ಬೈಗುಳ ನಿಂತೇ ಹೋಗುತ್ತದೆ ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಅದೇ ನ್ಯೂಯಾರ್ಕಿನಲ್ಲಿ ಮಮ್ದಾನಿಯ ಎದುರಾಳಿ ಆ್ಯಂಡ್ರೂ ಕ್ವೋಮೋ ಹೆಸರಿಗೆ ಯಾವ ಪ್ರಾಶಸ್ತ್ಯವನ್ನೂ ಕೊಡಬೇಡಿ ಅನ್ನುವ ಅಭಿಯಾನವೂ ಜೋರಾಗಿಯೇ ನಡೆದಿತ್ತು.

ಈಗ ಖರ್ಚಿಗೆ ಬರೋಣ. ಹತ್ತು ಹೆಸರು, ಐದು ಕಾಲಂ ಅಂದರೆ ಐವತ್ತು ಸುತ್ತುಗೆರೆ. ಅಂಥ ನಾಲ್ಕು ಹುದ್ದೆಗಳಿದ್ದರೆ ಹಾಳೆ ಹೆಚ್ಚುತ್ತದೆ. ಅಂಚೆಯಲ್ಲಿ ಕಳಿಸುವ ಊರಾದರೆ ಅಂಚೆ ವೆಚ್ಚವೂ ಹೆಚ್ಚುತ್ತದೆ. ಓದುವ ಯಂತ್ರ, ಅದರ ಸಾಫ್ಟ್‌ವೇರ್, ಅದಕ್ಕೆ ರಾಜ್ಯದ ಪ್ರಮಾಣಪತ್ರ ಎಲ್ಲ ಬೇಕು. ಇವಿಲ್ಲದೆ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಿನಿಯಾಪೊಲಿಸ್ ನೋಡಿ. 2009ರಲ್ಲಿ ತಕ್ಕ ಯಂತ್ರ ಇರಲಿಲ್ಲವಾದ್ದರಿಂದ ಕೈಯಲ್ಲೇ ಎಣಿಸಿದರು. ಸುಮಾರು ಎರಡು ವಾರ ಹಿಡಿಯಿತು. 2013ರಲ್ಲಿ ಯಂತ್ರ ಬಂತು, ಆದರೆ ಮೇಯರ್ ಹುದ್ದೆಗೆ ಬರೋಬ್ಬರಿ 35 ಜನ! ಅರ್ಜಿ ಶುಲ್ಕ ಬರೀ 20 ಡಾಲರ್ ಇತ್ತು. ಯಾರು ಬೇಕಾದರೂ ನಿಲ್ಲಬಹುದು, ಮತ ಒಡೆಯುವ ಭಯವೂ ಇಲ್ಲ. 33 ಸುತ್ತು ಎಣಿಸಿ, ಎರಡು ದಿನದ ನಂತರ ಬೆಟ್ಸಿ ಹಾಜಸ್ ಗೆದ್ದರು ಅಂತ ಹೇಳಿದರು. ಆಮೇಲೆ ಶುಲ್ಕವನ್ನು 500 ಡಾಲರ್ ಮಾಡಿದರು. ನಮ್ಮಲ್ಲಿ ಠೇವಣಿ ಇಟ್ಟಿರುವುದು ಯಾಕೆ ಅಂತ ಅವರಿಗೂ ಅರ್ಥವಾಗಿರಬೇಕು. ಇಷ್ಟಾದರೂ ಮಿನಿಯಾಪೊಲಿಸ್ ಈ ಪದ್ಧತಿಯನ್ನು ಬಿಟ್ಟಿಲ್ಲ. ನಗರದ ಹುದ್ದೆಗಳಿಗೆ ಮೊದಲು ಬೇಸಿಗೆ ಮುಗಿಯುವಾಗ ನಡೆಯುತ್ತಿದ್ದ ಪ್ರೈಮರಿಯೇ ಇಲ್ಲವಾಗಿದೆ, ಅದು ನೇರ ಉಳಿತಾಯ.

ಇನ್ನೊಂದು ಖರ್ಚು ಡಾಲರಿನಲ್ಲಿ ಕಾಣುವುದಿಲ್ಲ. ಒಂದೇ ಗುರುತಿನ ಪದ್ಧತಿಯಲ್ಲಿ ಮತಗಟ್ಟೆಯ ಮೊತ್ತಗಳನ್ನು ಕೂಡಿದರೆ ಸಾಕು ಅಂದೆನಲ್ಲ, ಇಲ್ಲಿ ಹಾಗಾಗುವುದಿಲ್ಲ. ನನ್ನ ಎರಡನೇ ಪ್ರಾಶಸ್ತ್ಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಇಡೀ ಊರಿನಲ್ಲಿ ಯಾರು ಕೊನೆಯಲ್ಲಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಪ್ರತಿ ಮತಪತ್ರದ ಪೂರ್ತಿ ವಿವರ ಒಂದೇ ಕಡೆ ಸೇರಬೇಕು. ನಮ್ಮ ಇವಿಎಂ ಇದಕ್ಕೆ ಒಗ್ಗುವುದಿಲ್ಲ, ಯಾಕೆಂದರೆ ಅದು ಕೂಡಿಸುವ ಯಂತ್ರ. ಪರಿಷತ್ತಿಗೆ, ರಾಷ್ಟ್ರಪತಿ ಹುದ್ದೆಗೆ ಇಂದಿಗೂ ಕಾಗದದ ಮತಪತ್ರ ಇರುವುದು ಅದಕ್ಕೇ. ತಡವಾಗಿ ಬರುವ ಅಂಚೆ ಮತಗಳು ನಡುವಿನ ಸುತ್ತಿನಲ್ಲಿ ಯಾರು ಹೊರಬೀಳುತ್ತಾರೆ ಅನ್ನುವುದನ್ನೇ ಬದಲಿಸಬಹುದು. ನ್ಯೂಯಾರ್ಕ್ ಪ್ರಾಶಸ್ತ್ಯದ ಸುತ್ತುಗಳನ್ನು ಒಂದು ವಾರ ಬಿಟ್ಟೇ ಪ್ರಕಟಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಹಾಗಲ್ಲ, ಅಂದಂದಿನ ಲೆಕ್ಕ ಅಂದೇ ಹೊರಗೆ ಹಾಕುತ್ತದೆ. ಅಂದರೆ ತಡಕ್ಕೆ ಪದ್ಧತಿ ಅರ್ಧ ಕಾರಣ, ಕಚೇರಿಯ ಅಭ್ಯಾಸ ಇನ್ನರ್ಧ.

2021ರ ಜೂನ್ 29ರಂದು ನ್ಯೂಯಾರ್ಕಿನ ಚುನಾವಣಾ ಮಂಡಳಿ ಮೇಯರ್ ಪ್ರೈಮರಿಯ ಸುತ್ತುಗಳ ಲೆಕ್ಕ ಹಾಕಿತು. ಕೆಲವೇ ಗಂಟೆಗಳಲ್ಲಿ ವಾಪಸ್ ತೆಗೆಯಿತು. ತಂತ್ರಾಂಶ ಪರೀಕ್ಷೆಗೆ ಹಾಕಿದ್ದ ಸುಮಾರು 1 ಲಕ್ಷ 35 ಸಾವಿರ ಮತಪತ್ರಗಳನ್ನು ಅಳಿಸುವುದು ಮರೆತು, ನಿಜವಾದ ಮತಗಳ ಜೊತೆ ಎಣಿಸಿಬಿಟ್ಟಿದ್ದರು. ಇದು ಪದ್ಧತಿಯ ತಪ್ಪಲ್ಲ, ಕೈತಪ್ಪು. ಆದರೆ ಜನ ಹಾಗೆ ಬಿಡಿಸಿ ನೋಡುವುದಿಲ್ಲ. ಎಣಿಕೆ ಎಷ್ಟು ಸಿಕ್ಕಾಗುತ್ತದೋ ಅನುಮಾನಕ್ಕೆ ಅಷ್ಟು ಜಾಗ.

ಅದೇ ಚುನಾವಣೆಯಲ್ಲಿ ಕೊನೆಗೆ ಎರಿಕ್ ಆ್ಯಡಮ್ಸ್ ಅವರು ಕ್ಯಾಥರಿನ್ ಗಾರ್ಸಿಯಾ ಅವರನ್ನು 7,197 ಮತಗಳಿಂದ ಸೋಲಿಸಿದರು. ಸುಮಾರು 1 ಲಕ್ಷ 40 ಸಾವಿರ ಮತಪತ್ರಗಳು ಆ ಕೊನೆಯ ಸುತ್ತಿನವರೆಗೆ ಬದುಕಿರಲೇ ಇಲ್ಲ. ಅವುಗಳಲ್ಲಿ ಗುರುತು ಮಾಡಿದ್ದ ಎಲ್ಲರೂ ಹೊರಬಿದ್ದಿದ್ದರು, ಮುಂದೆ ಯಾರಿಗೆ ಅಂತ ಬರೆದಿರಲಿಲ್ಲ. ಇವನ್ನು ಖಾಲಿಯಾದ ಮತಪತ್ರ ಅನ್ನೋಣ. ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಮತ ಸಿಗುತ್ತದೆ ಅಂತ ಈ ಪದ್ಧತಿಯ ಕರಪತ್ರಗಳಲ್ಲಿ ಬರೆದಿರುತ್ತಾರೆ. ಅದು ಕೊನೆಯವರೆಗೆ ಉಳಿದ ಮತಪತ್ರಗಳ ಅರ್ಧ, ಹಾಕಿದ ಎಲ್ಲ ಮತಗಳ ಅರ್ಧವಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ಸ್ಥಳೀಯ ಚುನಾವಣೆಗಳನ್ನು ನೋಡಿತ್ತು. ಖಾಲಿಯಾದವು ಶೇ 9.6ರಿಂದ ಶೇ 27.1ರವರೆಗೆ ಇದ್ದವು. ನಾಲ್ಕರಲ್ಲಿ ಒಂದರಲ್ಲೂ ಗೆದ್ದವರಿಗೆ ಹಾಕಿದ ಒಟ್ಟು ಮತದ ಅರ್ಧ ಸಿಕ್ಕಿರಲಿಲ್ಲ. ಆಗ ಮೂರೇ ಪ್ರಾಶಸ್ತ್ಯಕ್ಕೆ ಅವಕಾಶ ಇದ್ದದ್ದೂ ಒಂದು ಕಾರಣ. ಸ್ಯಾನ್ ಫ್ರಾನ್ಸಿಸ್ಕೋ 2019ರಿಂದ ಹತ್ತು ಜನರವರೆಗೆ ಬಿಟ್ಟಿದೆ. ಆದರೆ ಹತ್ತು ಜನರ ಬಗ್ಗೆ ಓದಿಕೊಂಡು ಬರಲು ಪುರುಸೊತ್ತು ಇರುವವರು ಎಷ್ಟು? ಎರಡು ಪಾಳಿ ದುಡಿಯುವವರಿಗೆ, ಭಾಷೆ ಸರಿಯಾಗಿ ಬಾರದವರಿಗೆ ಇದು ಸುಲಭವಲ್ಲ. ನಾನು ಈ ಪದ್ಧತಿಯ ಕಡೆಗೇ ಸ್ವಲ್ಪ ವಾಲಿರುವವಳು, ಆದರೂ ಈ ಒಂದು ಆಕ್ಷೇಪಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇಲ್ಲ.

ಗಣಿತದ ಒಂದು ಕೊಕ್ಕೆಯೂ ಇದೆ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಚಿಕ್ಕ ಊರು. 2009ರ ಮೇಯರ್ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯ ಹೀಗಿತ್ತು: ರಿಪಬ್ಲಿಕನ್ ಪಕ್ಷದ ಕರ್ಟ್ ರೈಟ್ 2,951, ಪ್ರೊಗ್ರೆಸಿವ್ ಪಕ್ಷದ ಬಾಬ್ ಕಿಸ್ 2,585, ಡೆಮಾಕ್ರಟಿಕ್ ಪಕ್ಷದ ಆ್ಯಂಡಿ ಮೊಂಟ್ರೋಲ್ 2,063. ಮೊಂಟ್ರೋಲ್ ಹೊರಬಿದ್ದರು, ಕೊನೆಗೆ ಕಿಸ್ 4,313, ರೈಟ್ 4,061. ಆಮೇಲೆ ಮತಪತ್ರಗಳನ್ನೆಲ್ಲ ಜಾಲಾಡಿ ನೋಡಿದರೆ, ಮೊಂಟ್ರೋಲ್ ಮತ್ತು ಕಿಸ್ ಇಬ್ಬರೇ ಇದ್ದಿದ್ದರೆ ಮೊಂಟ್ರೋಲ್ ಗೆಲ್ಲುತ್ತಿದ್ದರು. ಮೊಂಟ್ರೋಲ್ ಮತ್ತು ರೈಟ್ ಇಬ್ಬರೇ ಇದ್ದಿದ್ದರೂ ಮೊಂಟ್ರೋಲೇ. ನಡುದಾರಿಯವರು ಎಲ್ಲರಿಗೂ ಎರಡನೇ ಇಷ್ಟ, ಆದರೆ ಮೊದಲ ಇಷ್ಟ ಕಡಿಮೆ ಜನಕ್ಕೆ. ಎರಡು ತುದಿಯವರ ನಡುವೆ ಅಡಕತ್ತರಿಯ ಅಡಿಕೆಯಾದರು. ಮರುವರ್ಷವೇ ಬರ್ಲಿಂಗ್ಟನ್ ಶೇ 52ರ ಬಹುಮತದಿಂದ ಪದ್ಧತಿಯನ್ನು ಕಿತ್ತು ಹಾಕಿತು. 2021ರಲ್ಲಿ ನಗರಸಭೆಯ ಸ್ಥಾನಗಳಿಗೆ ಮತ್ತೆ ಅದೇ ಬೇಕು ಅಂತ ಮತ ಹಾಕಿತು!

ಇದಕ್ಕೆ ಎರಡು ಸುತ್ತಿನ ಪದ್ಧತಿ ಮದ್ದಲ್ಲ, ಗಮನಿಸಿ. ಅಲ್ಲಿಯೂ ಮೂರನೆಯವರಾದ ಮೊಂಟ್ರೋಲ್ ಹೊರಗೇ.

ಇನ್ನೆರಡು ದಾರಿ, ಚುಟುಕಾಗಿ

ಪ್ರಾಶಸ್ತ್ಯವನ್ನು ಒಂದು ಕುರ್ಚಿಗಲ್ಲದೆ ಹಲವು ಕುರ್ಚಿಗಳಿಗೆ ಬಳಸಬಹುದು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ 1941ರಿಂದ ಒಂಬತ್ತು ಜನರ ನಗರಸಭೆಯನ್ನು ಹೀಗೇ ಆರಿಸುತ್ತಿದೆ. ನಮ್ಮ ರಾಜ್ಯಸಭೆಯ ಲೆಕ್ಕವೇ, ಕೋಟಾ, ಅಂದರೆ ಒಂದು ಸ್ಥಾನ ಗೆಲ್ಲಲು ಬೇಕಾದಷ್ಟು ಮತ, ಮುಟ್ಟಿದವರು ಒಳಗೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್ 2024ರಲ್ಲಿ ನಾಲ್ಕು ವಲಯ, ಪ್ರತಿ ವಲಯಕ್ಕೆ ಮೂವರು ಅಂತ ಮಾಡಿತು. ಶೇ 25 ದಾಟಿದವರಿಗೆ ಸ್ಥಾನ. 12 ಸ್ಥಾನಕ್ಕೆ 98 ಜನ ನಿಂತಿದ್ದರು. ಚಿಕ್ಕ ಗುಂಪುಗಳಿಗೂ ಸಭೆಯಲ್ಲಿ ದನಿ ಬೇಕು ಅನ್ನುವುದಾದರೆ ಈ ಪದ್ಧತಿಗೆ ಅರ್ಥವಿದೆ, ಒಂಟಿ ಕುರ್ಚಿಯ ಪ್ರಾಶಸ್ತ್ಯದಿಂದ ಅದು ಆಗುವುದಿಲ್ಲ.

ಇನ್ನೊಂದು, ಒಪ್ಪಿಗೆಯಾದವರಿಗೆಲ್ಲ ಗುರುತು ಹಾಕುವುದು. ಕ್ರಮ ಇಲ್ಲ, ಸುತ್ತು ಇಲ್ಲ, ಮೊತ್ತ ಕೂಡಿದರಾಯಿತು, ಹಳೆ ಯಂತ್ರವೂ ನಡೆಯುತ್ತದೆ. ಸೇಂಟ್ ಲೂಯಿಸ್ 2021ರಿಂದ ಮೊದಲ ಸುತ್ತಿಗೆ ಇದನ್ನು ಬಳಸಿ ಮೊದಲ ಇಬ್ಬರನ್ನು ಏಪ್ರಿಲ್ ಚುನಾವಣೆಗೆ ಕಳಿಸುತ್ತದೆ. ಫಾರ್ಗೋ ನಗರ 2020ರಲ್ಲಿ ಶುರು ಮಾಡಿತ್ತು, 2025ರಲ್ಲಿ ನಾರ್ತ್ ಡಕೋಟಾ ರಾಜ್ಯವೇ ನಿಷೇಧಿಸಿತು. ಅಗ್ಗ ಮತ್ತು ಸರಳ. ಆದರೆ ನನಗೆ ಪ್ರಾಣದಷ್ಟು ಇಷ್ಟವಾದವರಿಗೂ, ಪರವಾಗಿಲ್ಲ ಅನ್ನಿಸಿದವರಿಗೂ ಒಂದೇ ತೂಕ ಕೊಡಬೇಕು.

ಹಾಗಾದರೆ ನಿಮ್ಮ ಊರಿಗೆ?

ತಂಗಿಯ ಮಗನಿಗೆ ಮೊದಲು ಕೇಳಿದ್ದು, ನಿಮ್ಮಲ್ಲಿ ಈಗ ಏನಿದೆ ಅಂತ. ಈಗಾಗಲೇ ಪ್ರತ್ಯೇಕ ದಿನ ಎರಡನೇ ಸುತ್ತು ನಡೆಸಿ, ಅದಕ್ಕೆ ಯಾರೂ ಬಾರದೆ ದುಡ್ಡು ಸುರಿಯುತ್ತಿದ್ದರೆ ಪ್ರಾಶಸ್ತ್ಯಕ್ಕೆ ಹೂಂ ಅನ್ನಲು ಗಟ್ಟಿ ಕಾರಣ ಇದೆ. ಕೆಲವು ಚುನಾವಣೆಗಳಲ್ಲಿ ಕಲಿಸುವ ಖರ್ಚು, ಯಂತ್ರದ ಖರ್ಚು ತೀರಿಹೋಗಬಹುದು. ಈಗ ಒಂದೇ ಗುರುತು, ಒಂದೇ ದಿನ ಇದ್ದರೆ ಪ್ರಾಶಸ್ತ್ಯದಿಂದ ಒಂದು ಪೈಸೆಯೂ ಉಳಿಯುವುದಿಲ್ಲ, ಹೆಚ್ಚೇ ಆಗುತ್ತದೆ. ಆಗ ಅದನ್ನು ಉಳಿತಾಯ ಅಂತ ಮಾರಲು ಬಂದವರನ್ನು ನಂಬಬೇಡಿ. ಮತ ಒಡೆಯದೆ ಇರುವುದಕ್ಕೆ ಕೊಡುವ ಬೆಲೆ ಅದು. ಕೊಡಬಹುದಾದ ಬೆಲೆಯೂ ಹೌದು, ನಾಲ್ಕೈದು ಗಟ್ಟಿ ಅಭ್ಯರ್ಥಿಗಳು ನಿಲ್ಲುವ ಊರಾದರೆ.

ರಾಜ್ಯದ ಕಾನೂನನ್ನೂ ನೋಡಬೇಕು. ಟೆನೆಸಿ ರಾಜ್ಯದ ಮೆಂಫಿಸ್ ನಗರ ಪ್ರಾಶಸ್ತ್ಯ ಮತದಾನಕ್ಕೆ 2008ರಲ್ಲೇ ಮತದಾರರಿಂದ ಒಪ್ಪಿಗೆ ಪಡೆಯಿತು. ಒಂದು ಸಲವೂ ಬಳಸಲಾಗಲಿಲ್ಲ. 2022ರಲ್ಲಿ ರಾಜ್ಯ ನಿಷೇಧಿಸಿತು. ಫ್ಲೋರಿಡಾವೂ ಅದೇ ವರ್ಷ ನಿಷೇಧಿಸಿತು. ವಾಷಿಂಗ್ಟನ್ ರಾಜ್ಯದ ಪಿಯರ್ಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) 2006ರಲ್ಲಿ ಒಪ್ಪಿ, ಎರಡು ಚುನಾವಣೆ ನಡೆಸಿ, 2009ರಲ್ಲಿ ಶೇ 71ರಷ್ಟು ಮತದಿಂದ ಕೈಬಿಟ್ಟಿತು. ಯಂತ್ರಕ್ಕೆ ಹಾಕಿದ ದುಡ್ಡು ನೀರಿಗೆ ಹೋಯಿತು.

ಮತದಾನ ಹೆಚ್ಚಿಸುವುದೇ ನಿಮ್ಮ ಗುರಿಯಾದರೆ ಮತಪತ್ರಕ್ಕಿಂತ ಮೊದಲು ತಾರೀಖು ಬದಲಿಸಿ. ಸ್ಯಾನ್ ಫ್ರಾನ್ಸಿಸ್ಕೋ 2004ರಿಂದಲೂ ಪ್ರಾಶಸ್ತ್ಯ ಮತದಾನ ನಡೆಸುತ್ತಿದೆ. 2019ರ ಮೇಯರ್ ಚುನಾವಣೆಯಲ್ಲಿ ಮತದಾನ ಶೇ 42ರ ಆಸುಪಾಸು. ಆಮೇಲೆ ಮೇಯರ್ ಚುನಾವಣೆಯನ್ನು ಅಧ್ಯಕ್ಷೀಯ ಚುನಾವಣೆಯ ದಿನಕ್ಕೇ ಜೋಡಿಸಿದರು. 2024ರಲ್ಲಿ ಶೇ 79ರ ಹತ್ತಿರ. ಪದ್ಧತಿ ಎರಡೂ ಸಲ ಒಂದೇ! ಮತಗಟ್ಟೆ ಹೇಗೂ ತೆರೆದಿರುತ್ತದೆ, ಹಾಗಾಗಿ ಖರ್ಚೂ ಉಳಿಯುತ್ತದೆ.

ಹೂಂ ಅನ್ನುವುದಾದರೆ ಒಂದು ಷರತ್ತು

ಮತ ಹಾಕುವಾಗಿನ ಕೆಲಸ ಸುಲಭ. ಐದೂ ಕಾಲಂನಲ್ಲಿ ಒಬ್ಬರನ್ನೇ ತುಂಬಿದರೆ ಅವರಿಗೆ ಐದು ಮತವಾಗುವುದಿಲ್ಲ, ಒಂದೇ. ಒಂದೇ ಕಾಲಂನಲ್ಲಿ ಇಬ್ಬರನ್ನು ತುಂಬಿದರೆ ಆ ಪ್ರಾಶಸ್ತ್ಯ ಕೆಟ್ಟಿತು. ಸುತರಾಂ ಬೇಡ ಅನ್ನಿಸಿದವರನ್ನು ಖಾಲಿ ಬಿಡಿ. ಪರವಾಗಿಲ್ಲ ಅನ್ನಿಸಿದವರಿಗೆಲ್ಲ ಪ್ರಾಶಸ್ತ್ಯ ಕೊಡಿ. ಹಾಗೆ ಮಾಡಿದರೆ ನಿಮ್ಮ ಮತಪತ್ರ ಬೇಗ ಖಾಲಿಯಾಗುವುದಿಲ್ಲ.

ಷರತ್ತು ಇರುವುದು ಎಣಿಕೆಯವರಿಗೆ. 2022ರ ನವೆಂಬರ್‌ನಲ್ಲಿ ಓಕ್‌ಲ್ಯಾಂಡಿನ ಶಾಲಾ ಮಂಡಳಿಯ ನಾಲ್ಕನೇ ವಾರ್ಡಿಗೆ ಮೂವರು ನಿಂತಿದ್ದರು. ಕೆಲವರು ಮೊದಲ ಕಾಲಂ ಖಾಲಿ ಬಿಟ್ಟು ಎರಡನೆಯದರಿಂದ ಶುರು ಮಾಡಿದ್ದರು. ನಮ್ಮ ಪರಿಷತ್ ಚುನಾವಣೆಯಲ್ಲಾದರೆ 1 ಇಲ್ಲದ ಮತ ಕುಲಗೆಟ್ಟದ್ದು. ಓಕ್‌ಲ್ಯಾಂಡಿನ ನಿಯಮ ಹಾಗಲ್ಲ, ಎರಡನೆಯದನ್ನೇ ಮೊದಲನೆಯದು ಅಂತ ಹಿಡಿದು ಮೊದಲ ಸುತ್ತಿನಲ್ಲೇ ಎಣಿಸಬೇಕು. ಓಕ್‌ಲ್ಯಾಂಡಿನ ಮತ ಎಣಿಸುವ ಆಲಮೇಡಾ ಕೌಂಟಿಯ ತಂತ್ರಾಂಶದಲ್ಲಿ ಆ ಒಂದು ಸೆಟ್ಟಿಂಗ್ ತಪ್ಪಾಗಿತ್ತು. ಅಂಥ ಮತಗಳು ಮೊದಲ ಸುತ್ತಿನಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಷ್ಟಕ್ಕೇ ಮೊದಲು ಹೊರಬೀಳುವವರು ಬದಲಾದರು, ಗೆದ್ದವರೂ ಬದಲಾದರು. ತಪ್ಪಾಗಿ ಗೆದ್ದವರಿಗೆ ಪ್ರಮಾಣಪತ್ರ ಸಿಕ್ಕಿತು, ಪ್ರಮಾಣವಚನವೂ ಆಯಿತು.

ತಪ್ಪು ಸಿಕ್ಕಿದ್ದು ಕಚೇರಿಯೊಳಗೆ ಅಲ್ಲ. ಕೌಂಟಿ ಪ್ರತಿ ಮತಪತ್ರದ ದಾಖಲೆಯನ್ನು, ಮತದಾರರ ಹೆಸರಿಲ್ಲದೆ, ಸಾರ್ವಜನಿಕವಾಗಿ ಹಾಕಿತ್ತು. ಪ್ರಾಶಸ್ತ್ಯ ಮತದಾನದ ಪರವಾಗಿಯೇ ಕೆಲಸ ಮಾಡುವ ಹೊರಗಿನ ಒಂದು ಗುಂಪು ಅದನ್ನು ಇಳಿಸಿಕೊಂಡು ಮತ್ತೆ ಲೆಕ್ಕ ಹಾಕಿತು. ಉತ್ತರ ತಾಳೆಯಾಗಲಿಲ್ಲ. ಡಿಸೆಂಬರ್ ಕೊನೆಯ ವಾರ ಕೌಂಟಿ ತಪ್ಪು ಒಪ್ಪಿಕೊಂಡಿತು. 2023ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಜವಾಗಿ ಗೆದ್ದವರ ಹೆಸರು ಹೇಳಿತು.

ಮತಕ್ಕೆ ಹಾಕಿರುವ ಪ್ರಸ್ತಾವದಲ್ಲಿ ಆ ದಾಖಲೆ ಪ್ರಕಟಿಸುವ ಸಾಲು ಇದೆಯಾ ಅಂತ ತಂಗಿಯ ಮಗನಿಗೆ ಕೇಳಿದ್ದೇನೆ. ಹುಡುಕಿ ಹೇಳುತ್ತೇನೆ ಅಂದಿದ್ದಾನೆ.